ಟಿಂಗಣ್ಣನಿಗೆ ಬೋಂಡಾ

ಶ್ರವಣಬೆಳಗೊಳ
೫ ಮೇ ೨೦೨೫, ಸೋಮವಾರ

ನನ್ನ ಸಿದ್ಧಿಗೆ, ನಿನ್ನ ಕೋಪ ಇನ್ನೂ ಇಳಿದಿಲ್ಲವೆಂದು ಗೊತ್ತಿದ್ದೂ ಅಮ್ಮ ಕಳಿಸುತ್ತಿರುವ ಪೂರ್ತಿ ಆಶೀರ್ವಾದ.

ಫೋನಿರುವಾಗ ಕಾಗದ ಯಾಕೆ ಅಂದುಕೊಳ್ಳಬೇಡ. ಫೋನಿನಲ್ಲಿ ಅಪ್ಪನ ಹೆಸರೆತ್ತಿದ ಕೂಡಲೇ ನಿನಗೆ ಕ್ಲಾಸಿಗೆ ಹೊತ್ತಾಗಿಬಿಡುತ್ತದೆ. ಕಾಗದವನ್ನು ಹಾಗೆ ನಡುವೆ ಕಟ್ ಮಾಡಲು ಬರುವುದಿಲ್ಲ. ಭಾನುವಾರ ಮಗ ಅತಿಶಯನನ್ನು ಕರೆದೊಯ್ಯಲು ಹಾಸನದಿಂದ ಬರುತ್ತೀಯ, ಆದರೆ ಬಸ್ ಸ್ಟ್ಯಾಂಡಿನಲ್ಲೇ ನಿಂತಿರುತ್ತೀಯ, ನಾನು ಅವನನ್ನು ಅಲ್ಲಿಗೆ ತಂದುಬಿಡಬೇಕು ಎಂದೆಯಲ್ಲ, ಅದು ಬೇಡ ಮಗಳೇ. ಮನೆಗೆ ಬಾ. ಇದನ್ನು ಕೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿನ್ನ ಮಗ ಒಬ್ಬನೇ ಬಂದಿಲ್ಲ. ಟಿಂಗಣ್ಣನನ್ನೂ ಕರೆತಂದಿದ್ದಾನೆ. ಅಳಿಯಂದಿರು ಬಿಟ್ಟುಹೋಗುವಾಗ ಈ ವಿಷಯ ಬಾಯೇ ಬಿಡಲಿಲ್ಲ ನೋಡು! ಮೊದಲ ದಿನ ನಾನು ಚಾಪೆಯ ಮೇಲೆ ಕೂರಲು ಹೋದರೆ, "ಅಜ್ಜೀ, ಟಿಂಗಣ್ಣನ ಮೇಲೇ ಕೂತ್ಕೋತೀಯಲ್ಲ!" ಎಂದು ಕಿರುಚಿದ. ನಾನು ಎದ್ದೆನೋ ಬಿದ್ದೆನೋ. ನೋಡಿದರೆ ಅಲ್ಲಿ ಯಾರೂ ಇಲ್ಲ. ಐದು ವರ್ಷದ ನಿನ್ನ ಮಗನಿಗೆ ಮಾತ್ರ ಕಾಣುವ ಗೆಳೆಯ. ನೀನು ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುವವಳು, ನಿನಗಿದು ಮಾಮೂಲಿ ಇರಬಹುದು. ನನಗೆ ಇವತ್ತಿಗೂ ಚಾಪೆ ಕಂಡರೆ ಭಯ.

ಟಿಂಗಣ್ಣನಿಗೆ ಏಳು ವರ್ಷವಂತೆ, ಎಡಗಾಲಿಗೆ ಮಾತ್ರ ಚಪ್ಪಲಿಯಂತೆ, ಕೊಣನೂರು ಕಡೆಯ ಗೌಡರ ಮನೆ ಹುಡುಗನಂತೆ. ಗೌಡರ ಮನೆಯವನೇ ಯಾಕಾದ ಅನ್ನುವುದು ಅವತ್ತು ಸಂಜೆ ತಿಳಿಯಿತು. ನಮ್ಮ ಮನೆ ಕ್ರಮ ನಿನಗೆ ಗೊತ್ತು. ಹೊತ್ತು ಮುಳುಗುವುದರೊಳಗೆ ಊಟ, ಆಮೇಲೆ ಒಲೆ ಹಚ್ಚುವಂತಿಲ್ಲ. ನೆಲದೊಳಗೆ ಬೆಳೆಯುವ ಗಡ್ಡೆ ಯಾವುದೂ ಹೊಸ್ತಿಲು ದಾಟುವಂತಿಲ್ಲ. ಏಳು ಗಂಟೆಗೆ ಇವನು ಬಂದು, "ತಾತ, ಟಿಂಗಣ್ಣಂಗೆ ಹಸಿವು. ಅವನು ಜೈನ ಅಲ್ಲ, ಈಗ್ಲೂ ತಿನ್ಬೋದು. ಆಲೂಗಡ್ಡೆನೂ ತಿನ್ಬೋದು" ಎಂದ. ಆಲೂಗಡ್ಡೆಯ ರುಚಿ ಈ ಮಗುವಿಗೆ ಯಾರ ಮನೆಯಲ್ಲಿ ಹತ್ತಿತು ಎಂದು ನಾನು ಕೇಳುವುದಿಲ್ಲ ಬಿಡು.

ನಾನು ನಕ್ಕೆ, ನಿಮ್ಮಪ್ಪ ನಗಲಿಲ್ಲ. "ಅಲ್ಲ ಕಣೇ ಮರುದೇವಿ, ನಾವು ತಿನ್ನಂಗಿಲ್ಲ, ಸರಿ. ಮನೇಗ್ ಬಂದೋನು ಅಸ್ಕಂಡ್ ಮಲೀಕಬೇಕಾ?" ಎಂದವರೇ ಶರಟು ತೊಟ್ಟು ಹೊರಟರು. ಬಸ್ ಸ್ಟ್ಯಾಂಡ್ ಹತ್ತಿರ ಸಿದ್ದೇಶ್ವರನ ಹೋಟೆಲಿದೆಯಲ್ಲ, ಅಲ್ಲಿಂದ ಎರಡು ಆಲೂಗಡ್ಡೆ ಬೋಂಡಾ ಕಟ್ಟಿಸಿಕೊಂಡು ಬಂದರು. ಅರವತ್ತೆಂಟು ವರ್ಷದಲ್ಲಿ ಮೊದಲ ಸಲ! ಸಿದ್ದೇಶ್ವರ ಕಣ್ಣು ಬಿಟ್ಟುಕೊಂಡು, "ಏನ್ ಸಾ, ನೀವು ಬೋಂಡಾನಾ? ಅದೂ ಈ ಒತ್ನಲ್ಲಿ?" ಎಂದು ಕೇಳಿದನಂತೆ. ಇವರು, "ನಂಗಲ್ಲ ಕಣಪ್ಪ, ಟಿಂಗಣ್ಣ ಅಂತ ಕೊಣನೂರಿಂದ ಬಂದವ್ರೆ" ಎಂದರಂತೆ. ಬೆಳಗಾಗುತ್ತಲೇ ಎದುರು ಮನೆ ನಂಜಮ್ಮ ಹಾಜರು. "ನೆಂಟ್ರು ಬಂದವ್ರಂತೆ, ಕಾಣ್ಲೇ ಇಲ್ವಲ್ಲಕ್ಕಾ?" ಇನ್ನೂ ಮಲಗಿದ್ದಾರೆ ಎಂದು ಹೇಳಿ ಕಳಿಸಿದೆ. ಮತ್ತೇನು ಹೇಳಲಿ?

ಆ ರಾತ್ರಿ ಬೋಂಡಾ ಒಳಗೆ ಬರಲಿಲ್ಲ. ಹೊರಗೆ ಜಗಲಿಯ ಮೇಲೆ ಎಲೆ ಹಾಕಿ ಬಡಿಸಿದರು. ಟಿಂಗಣ್ಣನ ಪಾಲನ್ನು ತಾನೇ ಮುಗಿಸುವ ಹಂಚಿಕೆ ನಿನ್ನ ಮಗನದು, ನನಗೆ ಗೊತ್ತಾಗದೆ ಇರುತ್ತದೆಯೇ? ಆದರೆ ತಾತ ಪಕ್ಕದಲ್ಲಿ ನಿಂತು, "ಸಂಕೋಚ ಮಾಡ್ಕಬೇಡ ಟಿಂಗಣ್ಣ, ಊಟ ಮಾಡಪ್ಪ" ಎಂದು ಅಷ್ಟು ಗಂಭೀರವಾಗಿ ಉಪಚಾರ ಹೇಳಿದ ಮೇಲೆ ಅವನಿಗೆ ಕೈ ಹಾಕುವ ಧೈರ್ಯ ಬರಲಿಲ್ಲ. ಎಲೆಯನ್ನು ಹಾಗೇ ಬಿಟ್ಟು ಒಳಗೆ ಬಂದೆವು.

ಬೆಳಿಗ್ಗೆ ಎಲೆ ಖಾಲಿ. ನಾನು ಅಡುಗೆ ಮನೆಯಲ್ಲಿದ್ದಾಗ ಅತಿಶಯ ಬಂದು ನನ್ನ ಕತ್ತು ಬಗ್ಗಿಸಿಕೊಂಡು ಕಿವಿಯಲ್ಲಿ, "ಬೋಂಡಾನ ನಾಯಿ ತಿಂತು ಅಜ್ಜಿ, ಕಿಟಕೀಲಿ ನೋಡ್ದೆ. ತಾತಂಗೆ ಹೇಳ್ಬೇಡ, ಪಾಪ ಬೇಜಾರ್ ಮಾಡ್ಕೋತಾರೆ" ಎಂದ. ಆಗಲಿ ಎಂದೆ. ಹತ್ತು ನಿಮಿಷಕ್ಕೆ ನಿಮ್ಮಪ್ಪ ಸ್ನಾನ ಮುಗಿಸಿ ಬಂದು, ಅತ್ತ ಇತ್ತ ನೋಡಿ, "ಲೇ, ಬೋಂಡಾನ ನಾಯಿ ತಿಂದ್ಬುಡ್ತು ಕಣೇ. ಮಗೀಗ್ ಹೇಳ್ಬೇಡ, ನೊಂದ್ಕತದೆ" ಎಂದರು. ಅವರಿಗೂ ಆಗಲಿ ಎಂದೆ. ಇಬ್ಬರ ಗುಟ್ಟೂ ನನ್ನ ಹೊಟ್ಟೆಯೊಳಗೆ! ಇವನಿಗೋಸ್ಕರ ಅವರು ನಂಬಿದ ಹಾಗೆ, ಅವರಿಗೋಸ್ಕರ ಇವನು ನಂಬಿದ ಹಾಗೆ. ಇದಕ್ಕೆ ನಿಮ್ಮ ಪುಸ್ತಕದಲ್ಲಿ ಏನೋ ಹೆಸರಿರಬೇಕು, ಬಂದಾಗ ಹೇಳು. ಆವತ್ತಿನಿಂದ ದಿನಾ ಬೋಂಡಾ ಬರುತ್ತಿದೆ. ನಾಯಿ ದುಂಡಗಾಗಿದೆ.

ಈಗ ಆ ವಿಷಯಕ್ಕೆ ಬರುತ್ತೇನೆ. ದಶಲಕ್ಷಣ ಪರ್ವದಲ್ಲಿ ನೀನು ಊಟಕ್ಕೆ ಕೂತು ಆ ಮಾತು ಆಡಿ ಎರಡು ವರ್ಷವಾಗುತ್ತಾ ಬಂತು. ಮಕ್ಕಳು ಹೆದರಿಕೆಗೆ ಸುಳ್ಳು ಗೆಳೆಯನನ್ನು ಮಾಡಿಕೊಳ್ಳುತ್ತಾರೆ, ದೊಡ್ಡವರು ದೇವರನ್ನು ಮಾಡಿಕೊಳ್ಳುತ್ತಾರೆ ಎಂದೆ. ದಿನಾ ಬೆಳಿಗ್ಗೆ ಬಸದಿಗೆ ಹೋಗಿ ಅಭಿಷೇಕ ನೋಡಿ ಬಂದೇ ಅಂಗಡಿ ಬಾಗಿಲು ತೆಗೆಯುವ ಮನುಷ್ಯನಿಗೆ ಅದು ಹೇಗೆ ತಗುಲಿರಬೇಕು? ಅವರೂ ಸುಮ್ಮನಿರಲಿಲ್ಲ. ಇನ್ನು ಈ ಮನೆ ಊಟ ನಿನಗೆ ಬೇಡ ಎಂದುಬಿಟ್ಟರು. ನೀನು ಎದ್ದು ಹೋದೆ. ನಾನು ಅನ್ನದ ಪಾತ್ರೆ ಹಿಡಿದುಕೊಂಡು ನಿಂತೇ ಇದ್ದೆ. ಇಬ್ಬರಿಗೂ ಗದರಿ ಕೂರಿಸಬೇಕಾಗಿತ್ತು, ಕೂರಿಸಲಿಲ್ಲ. ಆ ಸಂಕಟ ನನಗೆ ಇವತ್ತಿಗೂ ಇದೆ.

ನಿನ್ನೆ ಜಗಲಿಯ ಮೇಲೆ ಕೂತು ನಿಮ್ಮಪ್ಪ, "ಮಗಾ, ಟಿಂಗಣ್ಣ ನಿಂಗೆ ನಿಜವಾಗ್ಲೂ ಕಾಣ್ತಾನಾ?" ಎಂದು ಕೇಳಿದರು. ನಿನ್ನ ಮಗ ಎಷ್ಟು ಸಲೀಸಾಗಿ ಹೇಳಿದ ಗೊತ್ತಾ? "ಅಯ್ಯೋ ತಾತ, ಅವನನ್ನ ನಾನೇ ಮಾಡ್ಕೊಂಡಿರೋದು!" ಮತ್ತೆ ದಿನಾ ಬೋಂಡಾ ಯಾಕೋ ಎಂದರೆ, "ನಾನ್ ಮಾಡ್ಕೊಂಡ್ರೇನು, ಅವನು ನನ್ ಫ್ರೆಂಡಲ್ವಾ? ಕತ್ಲಲ್ಲಿ ಬಚ್ಚಲಿಗೆ ಹೋಗುವಾಗ ಜೊತೇಗ್ ಬರ್ತಾನೆ" ಎಂದ. ನಿಮ್ಮಪ್ಪನಿಗೆ ಶುರುವಾಯಿತು ನೋಡು ನಗು, ಕಣ್ಣಲ್ಲಿ ನೀರು ಬರುವವರೆಗೆ. ಕೊನೆಗೆ ನನ್ನ ಕಡೆ ತಿರುಗಿ, "ಇಷ್ಟೇ ಅಲ್ವೇನೇ ಸಿದ್ಧಿ ಹೇಳಿದ್ದು? ನಾನು ಬೈದ್ಲು ಅಂದ್ಕಬುಟ್ಟೆ" ಎಂದರು.

ಸೋತರು ಎಂದುಕೊಳ್ಳಬೇಡ. ರಾತ್ರಿಯೆಲ್ಲ ಯೋಚಿಸಿ ಬೆಳಿಗ್ಗೆ ಒಂದು ಪ್ರಶ್ನೆ ತಯಾರು ಮಾಡಿಕೊಂಡಿದ್ದಾರೆ. "ಟಿಂಗಣ್ಣ ಕರೆದ್ರೆ ಬತ್ತಾನೆ. ನಮ್ಮ ಸ್ವಾಮಿ ಜೊತೇಗೂ ಬರಲ್ಲ, ಕೇಳಿದ್ದು ಕೊಡೋದೂ ಇಲ್ಲ, ಸುಮ್ನೆ ನಿಂತವ್ನೆ. ಗೆಳೆಯನ್ನ ಮಾಡ್ಕಳೋದಾದ್ರೆ ಇಂಥೋನ್ನ ಯಾರಾದ್ರೂ ಮಾಡ್ಕತಾರಾ? ಇದಕ್ಕೇನಂತಾಳೆ ನಿನ್ ಮಗ್ಳು?" ಎನ್ನುತ್ತಾರೆ. ಪ್ರಶ್ನೆ ನನಗೂ ಸರಿಯೆನ್ನಿಸಿತು. ಆದರೆ ಮಂಡಿ ನೋವು ಬಂದಾಗ ಅವರು ಕೂಗುವುದು ಸ್ವಾಮಿಯನ್ನಲ್ಲ, ಪದ್ಮಾವತಿ ಯಕ್ಷಿಯನ್ನು. ವಾದಕ್ಕೆ ಬೇಕಾದರೆ ಇದನ್ನು ಇಟ್ಟುಕೋ. ನಾನು ಹೇಳಿದೆ ಅನ್ನಬೇಡ.

ಅದಕ್ಕೇ ಹೇಳುವುದು, ಬಸ್ ಸ್ಟ್ಯಾಂಡಿನಲ್ಲಿ ಮಗನನ್ನು ಪಾರ್ಸಲ್ ಇಸಿದುಕೊಂಡ ಹಾಗೆ ಇಸಿದುಕೊಂಡು ಹೋಗಬೇಡ. ಭಾನುವಾರ ನಾಲ್ಕಕ್ಕೆಲ್ಲ ಮನೆಯಲ್ಲಿರು. ಐದೂವರೆಗೆ ಊಟ. ಹೆಸರುಬೇಳೆ ಪಾಯಸ ಮಾಡುತ್ತೇನೆ. ಇಬ್ಬರೂ ಎಷ್ಟು ಬೇಕಾದರೂ ಕಿತ್ತಾಡಿ, ಉಂಡುಕೊಂಡು ಕಿತ್ತಾಡಿ. ಬಾ ಎಂದು ನಿಮ್ಮಪ್ಪ ಬಾಯಿಬಿಟ್ಟು ಹೇಳುವುದಿಲ್ಲ, ಆ ಬಿಗುಮಾನ ನಿನಗೂ ಅವರಿಂದಲೇ ಬಂದದ್ದು.

ನಿನ್ನ ದಾರಿ ನೋಡುವ ಅಮ್ಮ,
ಮರುದೇವಿ

ಮರೆತ ಮಾತು: ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಬರೆದುಬಿಡುತ್ತೇನೆ. ಶುಕ್ರವಾರ ಮಧ್ಯಾಹ್ನ ಅಂಗಡಿಗೆ ಬುತ್ತಿ ತೆಗೆದುಕೊಂಡು ಹೋಗಿದ್ದೆ. ಗಿರಾಕಿ ಯಾರೂ ಇರಲಿಲ್ಲ. ನಿಮ್ಮಪ್ಪ ಒಬ್ಬರೇ ಕೂತು, "ಅಲ್ಲ ಸಿದ್ಧಿ, ನೀನೇ ಹೇಳು" ಎನ್ನುತ್ತಿದ್ದರು. ಉತ್ತರ ಕೇಳಿಸಿಕೊಂಡವರ ಹಾಗೆ ತಲೆಯಾಡಿಸಿ, "ಊಂ, ನೀನ್ ಹೇಳೋದೂ ಸರಿ" ಎಂದರು. ಪಕ್ಕದ ಅಂಗಡಿ ಚಲುವಯ್ಯ ಆಚೆ ಕರೆದು, "ಎರಡು ವರ್ಷದಿಂದ ದಿನಾ ಇಂಗೇ ಕಣಕ್ಕಾ. ಮಗಳತ್ರ ಫೋನಲ್ಲಿ ಮಾತಾಡ್ತಾರೆ ಅಂದ್ಕಂಡಿದ್ದೆ" ಎಂದ. ಫೋನು ಮನೆಯಲ್ಲಿ ಚಾರ್ಜಿಗೆ ಹಾಕಿತ್ತು. ಅವರ ಎದುರಿಗೆ ಒಂದು ಸ್ಟೂಲಿದೆ. ಅದರ ಮೇಲೆ ಗಿರಾಕಿಗಳನ್ನೂ ಕೂರಲು ಬಿಡುವುದಿಲ್ಲವಂತೆ.