ಫೋನಿನಿಂದ ನೀವು ತೆಗೆದ ತೂತು ಮತ್ತು ನಮ್ಮ ಹದಿನೆಂಟು ದಿನದ ಮಳೆ

ಮೊಬೈಲ್ ಫೋನಿನಲ್ಲಿ ಏನಿರಬೇಕು, ಏನಿರಬಾರದು ಎಂದು ತೀರ್ಮಾನಿಸುವ ವಿನ್ಯಾಸ ವಿಭಾಗದ ಮುಖ್ಯಸ್ಥರಿಗೆ.

ಮಾನ್ಯರೇ,

ಇಯರ್‌ಫೋನಿನ ವೈರು ಸಿಕ್ಕಿಸಲು ಫೋನಿನಲ್ಲಿದ್ದ ತೂತನ್ನು ನೀವು ಮುಚ್ಚಿಬಿಟ್ಟಿರಿ. ಬಟಾಣಿ ಕಾಳೂ ಹಿಡಿಯದಷ್ಟು ಸಣ್ಣ ತೂತು ಅದು. ಅದು ಮುಚ್ಚಿಹೋದದ್ದರಿಂದ, ತೀರಿಹೋದ ನನ್ನ ಹೆಂಡತಿ ಹೇಳಿಟ್ಟ ಮಾತನ್ನು ಹದಿಮೂರು ತಿಂಗಳು ನನಗೆ ಕೇಳಿಸಿಕೊಳ್ಳಲು ಆಗಲಿಲ್ಲ. ನನ್ನ ದೂರು ಇಷ್ಟೇ. ಮುಂದೆ ಬರೆಯುವುದೆಲ್ಲ ಅದರ ವಿವರ. ಪುರುಸೊತ್ತಿದ್ದರೆ ಓದಿ.

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಬಾಳೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಹಾಲೇಶನನ್ನು, "ಇದನ್ನ ತೀರ್ಮಾನ ಮಾಡಿದೋರು ಯಾರು ಮಾರಾಯ?" ಎಂದು ಕೇಳಿದೆ. "ಅದೆಲ್ಲ ಮೇಲಿಂದ ಬರುತ್ತೆ ರೈಟ್ರೇ" ಎಂದ. ನಮ್ಮ ಕಡೆ ಮೇಲಿಂದ ಬರುವುದು ಮಳೆ ಒಂದೇ ಎಂದು ನಾನು ತಿಳಿದಿದ್ದೆ. ನಾನು ಚಿಕ್ಕಮಗಳೂರಿನ ಕಾಲೇಜಿನಲ್ಲಿ ಎರಡು ವರ್ಷ ಓದಿದವನು. ಮೇಲಿನವರಿಗೆ ಪತ್ರ ಬರೆಯುವಾಗ 'ಐ ಬೆಗ್ ಟು ಸ್ಟೇಟ್ ದಟ್' ಎಂದು ಶುರುಮಾಡಬೇಕೆಂದು ಅಲ್ಲಿ ಹೇಳಿಕೊಟ್ಟಿದ್ದರು. 'ದಟ್' ಆದ ಮೇಲಿನದು ಮರೆತುಹೋಗಿದೆ. ಆದ್ದರಿಂದ ಅಲ್ಲಿಂದಾಚೆಯದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನಾನು ಮೂವತ್ತೊಂದು ವರ್ಷದಿಂದ ಇಲ್ಲಿನ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ರೈಟರ್ ಎಂದರೆ ಕಥೆ ಬರೆಯುವವನಲ್ಲ, ಆಳುಗಳ ಹಾಜರಿ ಬರೆಯುವವನು. ಹಾಜರಿಯ ಜೊತೆಗೆ ಮಳೆಯನ್ನೂ ಬರೆಯಬೇಕು. ನಮ್ಮ ಕಡೆ ಪ್ರತಿ ಎಸ್ಟೇಟಿನಲ್ಲೂ ಒಂದು ಮಳೆಮಾಪಕ, ಒಂದು ಮಳೆ ಪುಸ್ತಕ ಇರುತ್ತವೆ. ಬೆಳಿಗ್ಗೆ ಎಂಟೂವರೆಗೆ ಮಾಪಕದ ನೀರನ್ನು ಗೀಟು ಹಾಕಿದ ಗಾಜಿನ ಲೋಟಕ್ಕೆ ಬಗ್ಗಿಸಿ, ಇಂಚು ಸೆಂಟಿನ ಲೆಕ್ಕದಲ್ಲಿ ಓದಿ, ನೀರು ಚೆಲ್ಲಿ, ಅಂಕಿಯನ್ನು ಪುಸ್ತಕಕ್ಕೆ ಏರಿಸಬೇಕು. ನೂರು ಸೆಂಟಿಗೆ ಒಂದು ಇಂಚು. ಇಲ್ಲಿ ಇಬ್ಬರು ಎದುರಾದರೆ ಆರೋಗ್ಯ ವಿಚಾರಿಸುವ ಮೊದಲು "ನಿಮ್ಮಲ್ಲಿ ಎಷ್ಟು ಬಿತ್ತು?" ಎಂದು ಕೇಳುತ್ತಾರೆ. "ಎರಡು ಇಂಚು ಮೂವತ್ತೇಳು" ಎಂದರೆ ಆ ಮೂವತ್ತೇಳಕ್ಕೂ ಮರ್ಯಾದೆ ಉಂಟು.

ಮಾಪಕ ಇರುವುದು ನಮ್ಮ ಕ್ವಾರ್ಟರ್ಸಿನ ಅಂಗಳದಲ್ಲಿ, ಬಾಗಿಲಿನಿಂದ ಮೂವತ್ತು ಹೆಜ್ಜೆ. ನಾನು ಏಳು ಗಂಟೆಗೇ ಹಾಜರಿ ಕರೆಯಲು ಹೋಗಬೇಕಾದ್ದರಿಂದ ಮಳೆ ಅಳೆಯುವ ಕೆಲಸ ನನ್ನ ಹೆಂಡತಿ ಸರ್ವಮಂಗಳಾಳ ಪಾಲಿಗೆ ಬಂದಿತ್ತು. ಒಂದು ವರ್ಷ ಪುಸ್ತಕವನ್ನು ಮಾಪಕದ ಹತ್ತಿರ ಒಯ್ದು, ನೆನೆಸಿ, ಇಡೀ ಜೂನ್ ತಿಂಗಳ ಇಂಕು ಕದಡಿಹೋಯಿತು. ಪುಸ್ತಕ ಮುಟ್ಟಬೇಡ, ಸಂಜೆ ಬಂದು ನಾನೇ ಬರೆಯುತ್ತೇನೆ ಎಂದು ಗದರಿದೆ. ನೆನಪಿನಲ್ಲಿ ಇಟ್ಟುಕೊಂಡರೆ ಸಂಜೆಯೊಳಗೆ ಅಂಕಿ ಮರೆಯುತ್ತಿದ್ದಳು. ಕೊನೆಗೆ ಹಾಲೇಶ ಅವಳ ಫೋನಿನಲ್ಲಿ ಮಾತು ರೆಕಾರ್ಡ್ ಮಾಡುವುದನ್ನು ತೋರಿಸಿಕೊಟ್ಟ. ಕೊಡೆ ಹಿಡಿದು ಹೋಗಿ, ನೀರು ಅಳೆದು, ಫೋನಿಗೆ ಹೇಳಿ ಬರುತ್ತಿದ್ದಳು. ಸಂಜೆ ನಾನು ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳಿ ಪುಸ್ತಕಕ್ಕೆ ಬರೆಯುತ್ತಿದ್ದೆ. ಆಮೇಲೆ ಅದೇ ವೈರಿನಲ್ಲಿ ಎಫ್‌ಎಂ. ಆ ವೈರೇ ಏರಿಯಲ್, ಅದಿಲ್ಲದಿದ್ದರೆ ಸ್ಟೇಷನ್ನೇ ಹಿಡಿಯುತ್ತಿರಲಿಲ್ಲ. ಬಲದ ಕಿವಿಯದು ನನಗೆ, ಎಡದ್ದು ಅವಳಿಗೆ. ವೈರು ಗಿಡ್ಡ. ಮದುವೆಯಾದ ಹೊಸತರಲ್ಲೂ ನಾವು ಅಷ್ಟು ಹತ್ತಿರ ಕೂತಿರಲಿಲ್ಲ.

ಎರಡು ವರ್ಷದ ಹಿಂದೆ, ಆಗಸ್ಟ್ ಆರರಂದು, ಅವಳು ತೀರಿಕೊಂಡಳು. ಉಸಿರು ಕಟ್ಟುತ್ತಿದೆ ಎಂದು ಮೂಡಿಗೆರೆಗೆ ಕರೆದುಕೊಂಡು ಹೋದಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಹೃದಯ ಬಹಳ ಸೋತಿದೆ. ನಾಲ್ಕು ಹೆಜ್ಜೆ ನಡೆಯೋದೂ ಕಷ್ಟ ಇತ್ತು ಇವರಿಗೆ. ಎಷ್ಟು ದಿನದಿಂದ ಹೀಗೆ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಕಾಫಿ ಕೊಟ್ಟು ಕಳಿಸುತ್ತಿದ್ದಳು, ಸಂಜೆ ಬಂದರೆ ಒಲೆಯ ಮುಂದೆ ಇರುತ್ತಿದ್ದಳು. ಏದುಸಿರು ಯಾಕೆ ಎಂದರೆ "ಶೀತ ಕಣ್ರೀ" ಎನ್ನುತ್ತಿದ್ದಳು. ನಡುವಿನ ಹತ್ತು ಗಂಟೆ ಹೇಗಿರುತ್ತಿದ್ದಳೋ. ಮುನ್ನೂರು ಆಳುಗಳಲ್ಲಿ ಯಾರು ಬಂದಿಲ್ಲ ಎಂದು ಪುಸ್ತಕ ನೋಡದೆ ಹೇಳಬಲ್ಲವನು ನಾನು. ಮನೆಯಲ್ಲಿದ್ದವಳ ಹಾಜರಿ ಹಿಡಿದಿರಲಿಲ್ಲ. ಮಣ್ಣು ಮಾಡಿ ಬಂದ ದಿನ ಮಗಳು ಸೌಜನ್ಯಾಳೂ ಕೇಳಿದಳು, "ಎಷ್ಟು ದಿನದಿಂದ ಅಪ್ಪ?" ಒಮ್ಮೆ ಮಾತ್ರ ಕೇಳಿದಳು. ಮತ್ತೆ ಕೇಳಲಿಲ್ಲ.

ಮರು ಮಳೆಗಾಲ ಬಂದಾಗ ಅವಳ ಫೋನನ್ನು ಹೊರಗೆ ತೆಗೆದೆ. ಜೂನ್ ಒಂದಕ್ಕೆ ಹಿಂದಿನ ವರ್ಷದ ಜೂನ್ ಒಂದನ್ನು ಕೇಳಿದೆ, ಎರಡಕ್ಕೆ ಎರಡು. ದಿನಕ್ಕೆ ಒಂದೇ, ಬೇಗ ಮುಗಿದುಹೋಗಬಾರದಲ್ಲ. ಆಗ ಗೊತ್ತಾಯಿತು, ಅಂಕಿ ಹೇಳಿದ ಮೇಲೂ ರೆಕಾರ್ಡು ಹತ್ತು ಸೆಕೆಂಡು ನಡೆಯುತ್ತದೆ ಎಂದು. ಕೊಡೆಯ ಮೇಲೆ ಮಳೆ ಬೀಳುವ ಸದ್ದು, ಆಮೇಲೆ ಲೋಟದ ನೀರನ್ನು ಅಂಗಳದ ಕಲ್ಲಿನ ಮೇಲೆ ಚೆಲ್ಲಿದ ಸದ್ದು, ಅಲ್ಲಿಗೆ ಮುಕ್ತಾಯ. ಅಷ್ಟು ವರ್ಷ ನಾನು ಅಂಕಿ ಸಿಕ್ಕ ಕೂಡಲೇ ನಿಲ್ಲಿಸಿಬಿಡುತ್ತಿದ್ದೆ. ಅವಳು ಆಗ ಅಡುಗೆಮನೆಯಲ್ಲಿ ಇರುತ್ತಿದ್ದಳು, ನಾನು ನಿಲ್ಲಿಸುವುದು ಅವಳಿಗೆ ಗೊತ್ತಿರಲಿಲ್ಲ. ಕೊನೆಯವರೆಗೆ ಒಂದು ದಿನವೂ ಕೇಳಿದವನಲ್ಲ ನಾನು.

ಜುಲೈ ಹನ್ನೆರಡಕ್ಕೆ ಆ ಫೋನಿನ ಬ್ಯಾಟರಿ ಕಡುಬಿನ ಹಾಗೆ ಉಬ್ಬಿ ಫೋನು ಸತ್ತಿತು. ಹಾಲೇಶ ಮೆಮೊರಿ ಕಾರ್ಡನ್ನು ಉಳಿಸಿದ. ಸೌಜನ್ಯಾ ನಿಮ್ಮ ಹೊಸ ಫೋನು ತಂದುಕೊಟ್ಟಳು. ಅವಳಮ್ಮನ ಹಳೇ ವೈರು ಹಿಡಿದುಕೊಂಡು ಅದರ ನಾಲ್ಕೂ ಅಂಚನ್ನು ಸವರಿ ನೋಡಿದೆ.

"ತೂತು ಎಲ್ಲಮ್ಮಾ?"

"ಈಗ ಯಾರೂ ವೈರ್ ಹಾಕಲ್ಲ ಅಪ್ಪ. ಇದನ್ನ ಕಿವಿಗೆ ಇಟ್ಕೊಳ್ಳಿ, ಗಾಳಿಯಲ್ಲೇ ಬರುತ್ತೆ" ಎಂದು ಒಂದು ಡಬ್ಬಿ ಕೊಟ್ಟಳು.

ಮಾನ್ಯರೇ, ಆ ಡಬ್ಬಿಯ ಗತಿಯನ್ನು ಮುಚ್ಚಿಡುವುದಿಲ್ಲ. ಮಾರನೇ ದಿನ ತೋಟದಲ್ಲಿ ಚರಂಡಿ ಬಿಡಿಸಲು ಬಗ್ಗಿದೆ, ಅಂಗಿಯ ಜೇಬಿನಿಂದ ಜಾರಿ ಬಿತ್ತು. ಜುಲೈ ತಿಂಗಳ ಚರಂಡಿ. ಅದು ಯಾವ ಹೊಳೆ ಸೇರಿತೋ. ವೈರಿನದಾಗಿದ್ದರೆ ಕುತ್ತಿಗೆಗೆ ನೇತುಬಿದ್ದಿರುತ್ತಿತ್ತು. ನಾಚಿಕೆಯಿಂದ ಮಗಳಿಗೆ ಹೇಳಲಿಲ್ಲ. "ಕೇಳುತ್ತಾ ಅಪ್ಪ?" ಎಂದು ಫೋನು ಮಾಡಿದಾಗಲೆಲ್ಲ "ಚೆನ್ನಾಗಿ ಕೇಳುತ್ತೆ" ಎಂದೆ. ನಿಮ್ಮ ಫೋನಿನ ಸ್ಪೀಕರಿನಲ್ಲಿ ಹಾಕಿದರೆ ಬರೀ ಮಳೆ, ಕಾಫಿ ಬೀಜ ಹುರಿದ ಹಾಗೆ. ಅವಳ ದನಿ ಮೊದಲೇ ಸಣ್ಣದು. ಅದು ಕಿವಿಯೊಳಗೆ ಇಟ್ಟರೆ ಸಿಗುವ ದನಿ, ನಡುಮನೆಯಲ್ಲಿ ಹರಡಿದರೆ ಸಿಗುವುದಲ್ಲ.

ಅಷ್ಟಕ್ಕೇ ನಿಂತಿದ್ದರೆ ನಾನು ನಿಮಗೆ ಬರೆಯುತ್ತಿರಲಿಲ್ಲ. ಪಕ್ಕದ ಎಸ್ಟೇಟಿನ ರೈಟರ್ ತಮ್ಮಯ್ಯನವರು ಪ್ರತಿ ಜನವರಿಯಲ್ಲಿ ತಮ್ಮ ಮಳೆ ಪುಸ್ತಕ ತರುತ್ತಾರೆ, ನಾವಿಬ್ಬರೂ ತಾಳೆ ನೋಡುತ್ತೇವೆ. ಸಾವಾದ ಮರು ಜನವರಿಯಲ್ಲಿ ಬರಲಿಲ್ಲ, ಈ ಜನವರಿಯಲ್ಲಿ ಎರಡೂ ವರ್ಷದ್ದು ತಂದರು. ಬೆರಳಿಟ್ಟು ಓದುತ್ತಾ ಒಂದು ಕಡೆ ನಿಂತರು.

"ಗಂಗಾಧರಪ್ಪನೋರೇ, ಇದೇನು, ನಿಮ್ಮ ಮಳೆಗೆ ಸೆಂಟೇ ಇಲ್ವಲ್ಲ?"

ನೋಡಿದೆ. ಅವಳು ತೀರಿಕೊಂಡ ವರ್ಷದ ಪುಟ. ಜುಲೈ ಹದಿನೆಂಟರವರೆಗೆ ಎರಡು ಇಂಚು ಹದಿಮೂರು, ಮೂರು ಇಂಚು ಎಂಬತ್ತೆಂಟು, ಹೀಗೆ. ಹತ್ತೊಂಬತ್ತರಿಂದ ಎರಡು ಇಂಚು, ಮೂರು ಇಂಚು, ಒಂದೂವರೆ. ಆಗಸ್ಟ್ ಐದರವರೆಗೆ ಹದಿನೆಂಟು ದಿನ, ಒಂದೂ ಬಿಡಿ ಸೆಂಟಿಲ್ಲ. ಆಕಾಶ ಹಾಗೆ ದುಂಡಗೆ ಸುರಿಯುವುದುಂಟೇ? ತೂಕದ ಚೀಟಿಯಲ್ಲಿ ದುಂಡು ಅಂಕಿ ಕಂಡರೆ ಮೇಸ್ತ್ರಿಯನ್ನು ಕರೆಸಿ ಕೇಳುವ ಮನುಷ್ಯ ನಾನು. ನನ್ನ ಕೈಯಾರೆ ಬರೆದ ಹದಿನೆಂಟು ಸಾಲು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ತಮ್ಮಯ್ಯನವರು ಪುಸ್ತಕ ಮುಚ್ಚಿ, "ಇರ್ಲಿ ಬಿಡಿ" ಎಂದರು. ಹೇಗೆ ಬಿಡಲಿ? ಕಣ್ಣು ಮಂಜಾಗಿ ಗೀಟು ಕಾಣದೆ ಅಂದಾಜು ಹೇಳಿದಳೋ, ಅಥವಾ ಮಾಪಕದವರೆಗೆ ಹೋಗಲೇ ಇಲ್ಲವೋ? ಹೋಗಿದ್ದರೆ ಕೊನೆಯಲ್ಲಿ ನೀರು ಚೆಲ್ಲಿದ ಸದ್ದು ಇರಬೇಕು. ಇಲ್ಲದಿದ್ದರೆ, ಅಂಗಳಕ್ಕೂ ಹೋಗಲಾರದವಳನ್ನು ಬಿಟ್ಟು ನಾನು ಹದಿನೆಂಟು ಬೆಳಿಗ್ಗೆ ಬೇರೆಯವರ ಹಾಜರಿ ಕರೆಯಲು ಹೋದೆ ಎಂದಾಯಿತು. ಡಾಕ್ಟರಿಗೂ ಮಗಳಿಗೂ ಕೊಡಬೇಕಾದ ಉತ್ತರ ಆ ಹತ್ತು ಸೆಕೆಂಡಿನಲ್ಲಿತ್ತು. ಆ ಹತ್ತು ಸೆಕೆಂಡಿಗೆ ಹೋಗುವ ದಾರಿ ನೀವು ಮುಚ್ಚಿದ ತೂತಿನಲ್ಲಿತ್ತು.

ಚಾರ್ಜಿನ ತೂತಿಗೆ ಹಳೇ ವೈರು ಜೋಡಿಸುವ ಅಡಾಪ್ಟರ್ ಎಂಬುದು ಸಿಗುತ್ತದೆ ಎಂದು ನೀವು ಹೇಳುತ್ತೀರಿ. ತಂದೆ. ಎರಡು ತಂದೆ. ಎರಡರಲ್ಲೂ ಗುಂಯ್ ಎಂಬುದು ಬಿಟ್ಟು ಏನೂ ಇಲ್ಲ. "ಈ ಫೋನಿಗೆ ಅದು ಮ್ಯಾಚ್ ಆಗಲ್ಲ, ಅವರದ್ದೇ ಬೇರೆ ಬರುತ್ತೆ" ಎಂದ ಹಾಲೇಶ. ತೆಗೆದವರೂ ನೀವೇ, ಅದನ್ನು ತುಂಡು ಮಾಡಿ ಬೇರೆಯಾಗಿ ಮಾರುವವರೂ ನೀವೇ. ಸರಿ, ಗಾಳಿಯದೇ ಇನ್ನೊಂದು ಜೊತೆ ತೋರಿಸು ಎಂದೆ. ಅಂಗಡಿಯ ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿ ಕಿವಿಗೆ ಇಟ್ಟುಕೊಂಡೆ. ಅದು ನನ್ನ ಫೋನು ಬಿಟ್ಟು ಹಾಲೇಶನ ಫೋನಿಗೆ ಜೋಡಿಯಾಗಿತ್ತಂತೆ. ಸರ್ವಮಂಗಳಾಳ ಮಾತಿಗೆ ಕಾದವನಿಗೆ ಹಾಲೇಶನ ಭಾವ ಕಳಸದಿಂದ ಕೋಳಿ ಎಷ್ಟು ಕೆಜಿ ತರಲಿ ಎಂದು ಕೇಳಿದ್ದು ಕೇಳಿಸಿತು. ಹಾಲೇಶ ನಕ್ಕ, ನಾನೂ ನಕ್ಕೆ. ಮನೆಗೆ ಬರುವಾಗ ಅಳು ಬಂತು. ಗಾಳಿಯಲ್ಲಿ ಬರುವುದಾದರೆ ಯಾರ ಮಾತಾದರೂ ಬಂದೀತು. ವೈರಿನಲ್ಲಿ ಬಂದರೆ ಅದು ಅವಳದೇ. ನನಗೆ ಅದು ಬೇಡವಾಯಿತು.

ಈ ಆಗಸ್ಟಿನಲ್ಲಿ ಕಳೆ ತೆಗೆಯುವ ಸಾಲಿನಲ್ಲಿ ಸಿದ್ದಮ್ಮನನ್ನು ನೋಡಿದೆ. ಇಪ್ಪತ್ತು ವರ್ಷದಿಂದ ನಮ್ಮ ಎಸ್ಟೇಟಿನ ಆಳು. ಸೆರಗಿನೊಳಗಿನಿಂದ ಕಿವಿಗೆ ಬಿಳಿ ವೈರು.

"ಸಿದ್ದಮ್ಮ, ನಿನ್ನ ಫೋನು ಸ್ವಲ್ಪ ಹೊತ್ತು ಕೊಡ್ತೀಯಾ?"

"ಯಾಕೆ ರೈಟ್ರೇ? ಕಿವಿಗೆ ವೈರು ಹಾಕ್ಕಂಡ್ರೆ ಅರ್ಧ ಹಾಜ್ರಿ ಅಂದಿದ್ರಿ. ಈಗ ಫೋನೇ ಕಿತ್ಕೊಳಾಕ್ ಬಂದ್ರಾ?"

"ಕಿತ್ಕೊಳ್ಳಾಕಲ್ಲ. ಕೇಳಾಕೆ. ನಮ್ಮನೆಯೋಳು ಮಾತಾಡಿದ್ದು ಒಂದಿಷ್ಟಿದೆ."

"ನಿಮ್ದು ಅಷ್ಟು ದೊಡ್ ಫೋನು. ಅದ್ರಲ್ಲಿ ತೂತಿಲ್ವಾ?"

"ಇಲ್ಲ."

"ಮತ್ಯಾತಕ್ಕೆ ಅದು?" ಎಂದವಳು, ಸೆರಗಿಗೆ ಒರೆಸಿ ಫೋನು ಕೈಗಿಟ್ಟಳು. "ಭಾನ್ವಾರ ಪೂರ್ತಿ ಇಟ್ಕಳ್ಳಿ. ಅಮ್ಮೋರ ಮಾತಿಗೆ ಬ್ಯಾಡ ಅಂತೀನಾ."

ಅವಳು ಕೇಳಿದ ಪ್ರಶ್ನೆ ನಿಮಗೆ ಸೇರಿದ್ದು. ಅದನ್ನು ನಿಮಗೆ ದಾಟಿಸುತ್ತಿದ್ದೇನೆ.

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಸರ್ವಮಂಗಳಾ ಮಲಗುತ್ತಿದ್ದ ಮಂಚದ ಮೇಲೆ ಕೂತೆ. ಮೆಮೊರಿ ಕಾರ್ಡು ಹಾಕಿ, ಹಳೇ ವೈರು ಸಿಕ್ಕಿಸಿದೆ. ಟಕ್ ಎಂದು ಕೂತಿತು. ಜುಲೈ ಹದಿನೆಂಟನೇ ತಾರೀಖಿನದು ಮೊದಲು: "ಮೂರು ಇಂಚು ಎಂಬತ್ತೆಂಟು." ಕೊಡೆಯ ಮೇಲೆ ಮಳೆ, ಕಲ್ಲಿನ ಮೇಲೆ ನೀರು. ಆಮೇಲೆ ಹತ್ತೊಂಬತ್ತು: "ಎರಡು ಇಂಚು." ಉಸಿರು. ಕೊಡೆಯ ಸದ್ದಿಲ್ಲ. ಮಳೆ ದೂರದಲ್ಲಿ, ಮೇಲೆ, ಮಾಡಿನ ಶೀಟಿನ ಮೇಲೆ ಬೀಳುತ್ತಿದೆ. ಮನೆಯೊಳಗೇ ಇದ್ದಾಳೆ. ಇನ್ನು ಏನೂ ಇಲ್ಲ ಎಂದುಕೊಂಡೆ. ಆಗ ನೀರು ಚೆಲ್ಲಿದ ಸದ್ದು ಕೇಳಿತು.

ಆ ನೀರು ಕಲ್ಲಿನ ಮೇಲೆ ಬಿದ್ದದ್ದಲ್ಲ. ಪಾತ್ರೆಯೊಳಗೆ ಬಿದ್ದದ್ದು. ಮಂಚದ ಕೆಳಗೆ ಸ್ಟೀಲಿನ ಬೇಸಿನ್ ಇನ್ನೂ ಅಲ್ಲೇ ಇತ್ತು. ಲೋಟದಲ್ಲಿ ನೀರು ತಂದು ಅದಕ್ಕೆ ಹೊಯ್ದು ನೋಡಿದೆ. ಅದೇ ಸದ್ದು. ಹದಿನೆಂಟೂ ದಿನ ಅದೇ.

ನಾನು ಕೊನೆಯವರೆಗೆ ಕೇಳುತ್ತೇನೆ ಎಂದು ಅವಳು ನಂಬಿದ್ದಳು. ನೀರು ಚೆಲ್ಲಿದ ಸದ್ದು ಇಲ್ಲದಿದ್ದರೆ ನನಗೆ ತಿಳಿದುಬಿಡುತ್ತದೆ, ತಿಳಿದರೆ ಹಾಜರಿ ಬಿಟ್ಟು ಮನೆಯಲ್ಲಿ ಕೂರುತ್ತೇನೆ ಎಂದು, ಕುಡಿಯಲು ಇಟ್ಟುಕೊಂಡ ನೀರನ್ನು ದಿನಾ ಬೇಸಿನ್ನಿಗೆ ಹೊಯ್ದಳು. ಹತ್ತು ಸೆಕೆಂಡು ತಾಳ್ಮೆಯಿಲ್ಲದ ಒಬ್ಬ ಗಂಡಸಿನಿಂದ ಮುಚ್ಚಿಡಲು ಅಷ್ಟು ಶ್ರಮ. ತಮ್ಮಯ್ಯನವರ ಪುಸ್ತಕದ ಜೊತೆ ಆ ಹದಿನೆಂಟು ದಿನವನ್ನು ಕೂಡಿ ನೋಡಿದೆ. ಮಲಗಿದಲ್ಲಿಂದ ಶೀಟಿನ ಸದ್ದು ಕೇಳಿ ಅವಳು ಹೇಳಿದ ಮಳೆಗೂ, ಅವರು ಗಾಜಿನಲ್ಲಿ ಅಳೆದ ಮಳೆಗೂ ಒಟ್ಟು ವ್ಯತ್ಯಾಸ ಒಂದು ಇಂಚು ಹತ್ತು ಸೆಂಟು. ಕಿವಿ ಎಂದರೆ ಅದು. ಆ ಪುಟಗಳನ್ನು ನಾನು ತಿದ್ದುವುದಿಲ್ಲ.

ಅಂದೇ ಸೌಜನ್ಯಾಳಿಗೆ ಫೋನು ಮಾಡಿದೆ. "ಜುಲೈ ಹತ್ತೊಂಬತ್ತರಿಂದ ಕಣಮ್ಮ" ಎಂದೆ. ಏನು ಎಂದು ಅವಳು ಕೇಳಲಿಲ್ಲ. "ಆ ವಾರ ನಾನು ಫೋನ್ ಮಾಡಿದ್ದೆ ಅಪ್ಪ. ಈಗಷ್ಟೇ ಮಳೆ ಅಳೆದು ಬಂದೆ ಅಂದ್ಳು ಅಮ್ಮ" ಎಂದಳು. ಕಿವಿಯ ಡಬ್ಬಿ ಚರಂಡಿಗೆ ಹೋದದ್ದನ್ನೂ ಹೇಳಿಬಿಟ್ಟೆ. ಈ ಮನೆಯಲ್ಲಿ ಮುಚ್ಚಿಟ್ಟದ್ದು ಸಾಕು ಅನ್ನಿಸಿತು.

ಮಾನ್ಯರೇ, ಆ ತೂತು ತೆಗೆಯುವುದಕ್ಕೆ 'ಕರೇಜ್' ಬೇಕಾಯಿತು ಎಂದು ನಿಮ್ಮ ಪೈಕಿಯವರು ಯಾರೋ ಹೇಳಿದ್ದರಂತೆ, ಮಗಳು ಹೇಳಿದಳು. ಆ ಇಂಗ್ಲಿಷ್ ಪದ ನನಗೆ ಮರೆತಿಲ್ಲ. ಮೂವತ್ತು ಹೆಜ್ಜೆ ನಡೆಯಲಾರದವಳು ಮಂಚದ ಮೇಲೆ ಒರಗಿ, ಏದುಸಿರನ್ನು ಹಿಡಿದು, ದನಿ ನಡುಗದಂತೆ "ಎರಡು ಇಂಚು" ಎಂದು ಹೇಳುವುದಕ್ಕೆ ಆ ಪದ ಇರಲಿ ಎಂದು ನನ್ನ ವಿನಂತಿ. ನಿಮ್ಮ ಕೆಲಸಕ್ಕೆ ಬೇರೆ ಪದ ನೋಡಿಕೊಳ್ಳಿ.

ನನಗೆ ಆಗಬೇಕಾದದ್ದು ಆಯಿತು. ಆದರೆ ಸಿದ್ದಮ್ಮನ ಫೋನಿಗೂ ಆರು ವರ್ಷವಾಗಿದೆ, ಅದೂ ಒಂದು ದಿನ ಉಬ್ಬುತ್ತದೆ. ಅವಳು ಹೊಸದು ಕೊಳ್ಳಲು ಹೋದಾಗ ಅದರಲ್ಲಿ ತೂತಿರಲಿ. ನಿಮ್ಮ ಎಲ್ಲ ಫೋನಿನಲ್ಲೂ ಅದನ್ನು ವಾಪಸು ಇಡಿ. ಆಗದಿದ್ದರೆ ಅತಿ ಅಗ್ಗದ ಒಂದರಲ್ಲಾದರೂ ಇಡಿ. ಅದರ ಪೆಟ್ಟಿಗೆಯೊಳಗೆ ಒಂದು ವೈರೂ ಇರಲಿ. ವೈರು ಗಿಡ್ಡವಾಗಿದ್ದರೂ ಅಡ್ಡಿಯಿಲ್ಲ.

ಪತ್ರದ ಕೊನೆಗೆ 'ಯುವರ್ಸ್ ಫೇತ್‌ಫುಲಿ' ಎಂದು ಬರೆಯಲು ಕಾಲೇಜಿನಲ್ಲಿ ಕಲಿಸಿದ್ದರು. ನಿಷ್ಠೆ ಎಂಬ ಆ ಮಾತು ನನಗೆ ಸಲ್ಲುವುದಿಲ್ಲ.

ಇಂತಿ,
ಇನ್ನು ಯಾರ ಮಾತನ್ನೂ ಅರ್ಧಕ್ಕೆ ನಿಲ್ಲಿಸದ,
ಗಂಗಾಧರಪ್ಪ
ಎಸ್ಟೇಟ್ ರೈಟರ್, ಬಾಳೂರು

(ಇಂದಿನ ಮಳೆ: ಒಂದು ಇಂಚು ನಲವತ್ತೊಂದು ಸೆಂಟು. ನಾನೇ ಹೋಗಿ ಅಳೆದದ್ದು.)