ಖುದ್ದು ಹಾಜರಾದ ನನ್ನ ಗಂಡ

ಸಾಲ ವಸೂಲಿಗಾರರ ಜಾಮೀನು ಪತ್ರಗಳನ್ನು ಜೋಪಾನ ಮಾಡುವ ಕಚೇರಿಯ ಮಾನ್ಯ ಅಧಿಕಾರಿಗಳೇ,

ನನ್ನ ಗಂಡ ತಾನು ಸತ್ತು ಐದು ತಿಂಗಳಾದ ಮೇಲೆ ಸಾಲ ಮಾಡಿದ್ದಾನೆಂದು ವಸೂಲಿ ಕಂಪನಿಯೊಂದು ಹೇಳುತ್ತಿದೆ. ಕಾನೂನಿನಂತೆ ಅದು ನಿಮ್ಮಲ್ಲಿ ಜಾಮೀನು ಇಟ್ಟಿರಬೇಕು, ಇಟ್ಟಿಲ್ಲ. ದೂರು ಕೊಟ್ಟೆ. "ಸದರಿ ಸಂಸ್ಥೆಯು ನಮ್ಮ ದಾಖಲೆಯಲ್ಲಿ ಇಲ್ಲದಿರುವುದರಿಂದ ದೂರನ್ನು ಪರಿಗಣಿಸಲು ಅವಕಾಶವಿರುವುದಿಲ್ಲ" ಎಂದು ತಾವು ಉತ್ತರಿಸಿದಿರಿ. ಅಂದರೆ ಕಳ್ಳನನ್ನು ಹಿಡಿಯಬೇಕಾದರೆ ಅವನು ಮೊದಲು ನಿಮ್ಮ ಪುಸ್ತಕದಲ್ಲಿ ರುಜು ಹಾಕಿರಬೇಕು, ಅಲ್ಲವೇ? ಇದನ್ನು ಓದಿ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಈಚೆಗೆ ನನಗೆ ಅಳುವೂ ಬರುವುದಿಲ್ಲ, ಹಸಿವೂ ಆಗುವುದಿಲ್ಲ. ಪತ್ರವನ್ನು ಮಡಚಿ ಫ್ರಿಜ್ಜಿನ ಮೇಲಿಟ್ಟೆ.

ನಾನೊಬ್ಬ ನೋಟರಿ. ಇಪ್ಪತ್ತೆರಡು ವರ್ಷಗಳಿಂದ ದನದ ಮೇವಿನ ಅಂಗಡಿಯ ಮೂಲೆಯಲ್ಲಿ ಮೇಜು ಹಾಕಿಕೊಂಡು ಮುದ್ರೆ ಒತ್ತುತ್ತಿದ್ದೇನೆ. ಈ ಸಹಿ ಈತನದೇ ಎಂದು ಹೇಳುವಷ್ಟು ಸಣ್ಣ ಕೆಲಸಕ್ಕೂ ಸರ್ಕಾರ ನನ್ನಿಂದ ಜಾಮೀನು ಬರೆಸಿಕೊಂಡು ನಿಮ್ಮ ಕಚೇರಿಯಲ್ಲೇ ಇಟ್ಟಿದೆ. ನಮ್ಮ ಪಾದ್ರಿ ಬಂದರೂ ಗುರುತಿನ ಚೀಟಿ ಕೇಳುತ್ತೇನೆ. ನನ್ನ ಗಂಡ ಹಾಲಿಸ್, ವೆಲ್ಡಿಂಗ್ ಕೆಲಸದವನು, ಆಡಿಕೊಂಡು ನಗುತ್ತಿದ್ದ: "ಏನೇ ವರ್ಡೀ, ಮೂವತ್ತು ವರ್ಷ ಒಂದೇ ಮಂಚದಲ್ಲಿ ಮಲಗಿದ್ದೀವಿ, ನನ್ ಸಹಿಗೆ ಒಂದು ಮುದ್ರೆ ಹಾಕಲ್ವಾ?"

"ನಿಂದಕ್ಕಂತೂ ಹಾಕೋ ಹಾಗೇ ಇಲ್ಲ ಮಾರಾಯ. ಕಟ್ಕೊಂಡೋನಿಗೆ ಸಾಕ್ಷಿ ಹೇಳೋ ಹಾಗಿಲ್ಲ."

ಅಕ್ಟೋಬರಿನಲ್ಲಿ ಅವನು ತನ್ನ ಟ್ರಕ್ಕಿನ ಪಕ್ಕದಲ್ಲೇ ಕುಸಿದುಬಿದ್ದ. ಮಣ್ಣು ಮಾಡಿದೆವು. ಏಪ್ರಿಲ್‌ನಲ್ಲಿ ಫೋನು ಬಂತು. ಲ್ಯಾಂಡನ್ ಎಂದು ಹೆಸರು ಹೇಳಿಕೊಂಡ ಆ ವಸೂಲಿಗಾರನ ದನಿ ಬಲು ಮೃದು.

"ಹಾಲಿಸ್ ಟ್ರಾಹನ್ ಇದ್ದಾರಾ ಅಮ್ಮಾ?"

"ಇಲ್ಲಪ್ಪ, ತೀರ್ಕೊಂಡ್ರು."

"ಅಯ್ಯೋ ಪಾಪ. ಹಾಗಾದ್ರೆ ಯಾವಾಗ ಸಿಗ್ತಾರೆ?"

"ಅದನ್ನೇ ನಾನೂ ಕೇಳ್ತಾ ಇದ್ದೀನಿ" ಎಂದೆ.

ಸಾಲ ನಮ್ಮದಲ್ಲ, ಪುರಾವೆ ಕೊಡಿ ಎಂದು ರಿಜಿಸ್ಟರ್ಡ್ ಪತ್ರ ಬರೆದೆ. ಅವರ ವಿಳಾಸ ಹುಡುಕಿಕೊಂಡೂ ಹೋದೆ. ಅದು ಡೋನಟ್ ಅಂಗಡಿಯ ಗೋಡೆಗೆ ಹೊಡೆದ ಅಂಚೆ ಡಬ್ಬಿ. ಆದರೂ ಪುರಾವೆ ಬಂತು. ಹೊಸ ವೆಲ್ಡಿಂಗ್ ಯಂತ್ರಕ್ಕೆ ಸಾಲ, ತಾರೀಖು ಮಾರ್ಚ್ ಒಂಬತ್ತು. ಕೆಳಗೆ ಹಾಲಿಸನ ಹೆಸರಲ್ಲಿ ಅಂದವಾದ ಸಹಿ. ನನ್ನ ಹಾಲಿಸ್ ಕೋಳಿ ಕೆದರಿದ ಹಾಗೆ ಬರೆಯುತ್ತಿದ್ದ. ಅದರ ಕೆಳಗೆ ಯಾರೋ ನೋಟರಿಯ ಮಸುಕು ಮುದ್ರೆ: "ಸದರಿಯವರು ನನ್ನ ಸಮಕ್ಷಮ ಖುದ್ದು ಹಾಜರಾಗಿ ಸಹಿ ಮಾಡಿರುತ್ತಾರೆ." ಈ ಮಾತನ್ನು ನಾನೇ ಸಾವಿರಾರು ಸಲ ಒತ್ತಿದ್ದೇನೆ. ಅಂದು ಮೊದಲ ಸಲ ಅದನ್ನು ಓದಿದೆ.

ಲ್ಯಾಂಡನ್ ಮತ್ತೆ ಫೋನು ಮಾಡಿದಾಗ ತಾರೀಖು ಓದಿ ಹೇಳಿದೆ. "ಮುದ್ರೆ ಇದೆಯಲ್ಲಮ್ಮಾ" ಎಂದ. "ನೀವೇ ನೋಟರಿ. ಮುದ್ರೆ ಸುಳ್ಳು ಹೇಳುತ್ತಾ? ಶುಕ್ರವಾರದೊಳಗೆ ಕಟ್ಟಿ. ಇಲ್ಲಾಂದ್ರೆ ಅಂಗಳದಲ್ಲಿ ನಿಂತಿರೋ ಟ್ರಕ್ ಎಳ್ಕೊಂಡು ಹೋಗ್ತೀವಿ."

ಆ ಟ್ರಕ್ಕಿನೊಳಗೆ, ಗಾಜಿನ ಹತ್ತಿರ, ಅವನ ವೆಲ್ಡಿಂಗ್ ಕೈಗವಸುಗಳಿವೆ. ಬೆರಳುಗಳು ಇನ್ನೂ ಬಾಗಿದಂತೆಯೇ ಇವೆ. ನಾನು ಬಾಗಿಲು ತೆಗೆದಿಲ್ಲ.

ನಾದಿನಿ ಓಲೀಟಾ ಬುದ್ಧಿ ಹೇಳಿದಳು: "ಕೊಟ್ಟು ಕೈ ತೊಳ್ಕೊ ಅತ್ತಿಗೆ. ಹೋದೋನ ಹೆಸರಲ್ಲಿ ಯಾಕೆ ರಗಳೆ?" ಕೊಡಬಹುದಿತ್ತು. ಆದರೆ ಒಂದು ಹಿಡಿ ಮೊಳೆಯನ್ನೂ ಕಡ ತರದ ಮನುಷ್ಯ ಅವನು. ನಾನು ದುಡ್ಡು ಕಟ್ಟಿದರೆ ಆ ಸುಳ್ಳು ಸಹಿಗೆ ನಾನೇ ಮುದ್ರೆ ಒತ್ತಿದಂತೆ. ಅವನ ನಿಜವಾದ ಸಹಿಗೇ ನಾನು ಒತ್ತಿರಲಿಲ್ಲ.

ಆದ್ದರಿಂದ ಇಷ್ಟು ಮಾಡಿ. ಶುಕ್ರವಾರಕ್ಕೆ ಮುಂಚೆ ನನ್ನ ದೂರನ್ನು ತೆಗೆದುಕೊಳ್ಳಿ, ನನ್ನ ಅಂಗಳಕ್ಕೆ ಯಾರೂ ಕಾಲಿಡದಂತೆ ತಡೆಯಿರಿ. ಅದು ತಮ್ಮ ವ್ಯಾಪ್ತಿಗೆ ಬಾರದಿದ್ದರೆ, ಆ ಮುದ್ರೆಯೇ ಸತ್ಯವೆಂದು ತಾವೂ ಹೇಳುವುದಾದರೆ, ಮಾರ್ಚ್ ಒಂಬತ್ತರಂದು ಹಾಲಿಸ್ ಖುದ್ದು ಹಾಜರಾದ ಜಾಗದ ವಿಳಾಸವನ್ನಾದರೂ ಅವರಿಂದ ಕೇಳಿ ಕೊಡಿ. ಯಾವ ಊರು, ಯಾವ ಮೇಜು. ನಾನು ಅವನ ಕೈಗವಸು ತೆಗೆದುಕೊಂಡು ಹೋಗಿ ಅಲ್ಲಿ ಕೂರುತ್ತೇನೆ. ನನ್ನ ಮುಂದೆ ಅವನು ಒಂದು ಸಲವೂ ಹಾಜರಾಗಿಲ್ಲ. ಬಂದರೆ ಗುರುತಿನ ಚೀಟಿ ಕೇಳುವುದಿಲ್ಲ.

ಇಂತಿ,
ತಮ್ಮ ದಾಖಲೆಯಲ್ಲಿ ಹೆಸರಿರುವ ತಪ್ಪಿಗೆ ಎಲ್ಲ ದೂರುಗಳಿಗೂ ಅರ್ಹಳಾದ,
ವರ್ಡೀ ಟ್ರಾಹನ್, ನೋಟರಿ