ಗೌರಿ ಹಬ್ಬದೊಳಗೆ ಕನ್ನಡಕ ಬಿಡಿಸುವುದು

ಕಂಪಲಾಪುರ
ಆಗಸ್ಟ್ ೧೯, ಸೋಮವಾರ ಮಧ್ಯಾಹ್ನ

ಪ್ರೀತಿಯ ಯಶೋಧರಾ ಚಿಕ್ಕಮ್ಮಾ,

ಹೇಗಿದ್ದೀಯಾ? ಮಾನಂದವಾಡಿಯಲ್ಲಿ ಮಳೆ ಸ್ವಲ್ಪವಾದರೂ ಬಿಟ್ಟಿತಾ? ನಿನ್ನ ಹಾಸ್ಟೆಲಿನ ಹುಡುಗಿಯರು ವಾರ್ಡನ್ ಮಾತು ಕೇಳುತ್ತಾರಾ, ಇಲ್ಲಾ ಜಡೆ ಹಾಕಿಸಿಕೊಳ್ಳುವಾಗ ನಾನು ಗೋಳು ಹೊಯ್ದುಕೊಳ್ಳುತ್ತಿದ್ದ ಹಾಗೆಯೇ ಗೋಳು ಹೊಯ್ದುಕೊಳ್ಳುತ್ತಾರಾ? ಕಣ್ಣಿಗೆ ಡ್ರಾಪ್ಸ್ ಮರೆಯದೆ ಹಾಕಿಕೋ. ಬಿಸಿಲಿಗೆ ಹೋದರೆ ಕಪ್ಪು ಕನ್ನಡಕ ಹಾಕಿಕೊಂಡು ಹೋಗು. ನೀನು ನನ್ನ ಮದುವೆಗೆ ಬರಲಿಲ್ಲ ಅನ್ನುವ ಕೋಪ ಇನ್ನೂ ಇದೆ, ಆದರೆ ಸ್ವಲ್ಪವೇ ಇದೆ.

ಈ ಕಾಲದಲ್ಲಿ ಕಾಗದವಾ ಎಂದು ನಗಬೇಡ. ಈ ಮನೆಯಲ್ಲಿ ಸಿಗ್ನಲ್ ಸಿಗುವುದು ಪಡಸಾಲೆಯ ಕಿಟಕಿಯ ಹತ್ತಿರ ಮಾತ್ರ, ಆ ಕಿಟಕಿಯ ಹತ್ತಿರ ನಮ್ಮತ್ತೆ ಕೂತಿರುತ್ತಾರೆ. ಮೆಸೇಜ್ ಮಾಡೋಣವೆಂದರೆ ನನ್ನ ಫೋನಿನ ಲಾಕ್ ಮಹೇಶ್‌ಗೆ ಗೊತ್ತು, ಅವರದು ನನಗೆ ಗೊತ್ತು. ಮದುವೆಯಾದ ವಾರವೇ ಹೇಳಿಕೊಂಡೆವು, ಎಷ್ಟು ರೊಮ್ಯಾಂಟಿಕ್ ಅಲ್ಲವಾ! ಅದಕ್ಕೇ ಈ ಕಾಗದ. ಇವರ ಗೆಳೆಯ ಮಾದೇಶ್ ಶುಂಠಿ ಲೋಡು ತೆಗೆದುಕೊಂಡು ಇವತ್ತು ನಿಮ್ಮೂರಿಗೆ ಹೊರಟಿದ್ದಾನೆ, ಸಂಜೆ ಕಾಡುದಾರಿಯ ಬಾವಲಿ ಗೇಟು ಮುಚ್ಚುವುದರೊಳಗೆ ದಾಟಬೇಕಂತೆ, ಅವನ ಕೈಯಲ್ಲೇ ಇದನ್ನು ಕಳಿಸುತ್ತೇನೆ. ಚಿಕ್ಕಮ್ಮಾ, ಮಹೇಶ್ ಎಷ್ಟು ಒಳ್ಳೆಯವರು ಗೊತ್ತಾ? ಪಿರಿಯಾಪಟ್ಟಣಕ್ಕೆ ಹೋದಾಗಲೆಲ್ಲ ನನಗೆ ಏನಾದರೂ ತರುತ್ತಾರೆ. ಮೊನ್ನೆ ಜೇಬಿನಲ್ಲಿ ಐಸ್‌ಕ್ರೀಂ ತಂದಿದ್ದರು, ಜೇಬಿನಲ್ಲಿ! ಅಂಗಿಯೆಲ್ಲ ಅಂಟಂಟು. ನಾನು ನಕ್ಕು ನಕ್ಕು ಸತ್ತೆ.

ಈಗ ದೊಡ್ಡ ಸುದ್ದಿ. ನನಗೆ ಲೇಸರ್ ಮಾಡಿಸುತ್ತಾರಂತೆ! ಶುಕ್ರವಾರ, ಮೈಸೂರಿನಲ್ಲಿ. ಹದಿಮೂರನೇ ವಯಸ್ಸಿನಿಂದ ಮೂಗಿನ ಮೇಲೆ ಕೂತಿರುವ ಈ ಕನ್ನಡಕಕ್ಕೆ ಟಾಟಾ ಬೈ ಬೈ. ಇನ್ನು ಮೂರು ವಾರಕ್ಕೆ ಗೌರಿ ಹಬ್ಬ, ನನ್ನ ಮೊದಲನೇ ಬಾಗಿನ. ಬೀದಿಯ ಹೆಂಗಸರೆಲ್ಲ ಹೊಸ ಸೊಸೆಯ ಮುಖ ನೋಡುವ ದಿನ. ನಮ್ಮತ್ತೆಯದು ಒಂದೇ ಹಟ, "ಏನವ್ವಾ, ಸೋಡಾಬುಡ್ಡಿ ಆಕ್ಕಂಡೇ ಬಾಗಿನ ಕೊಟ್ಟೀಯಾ? ಅಬ್ಬದೊಳ್ಗೆ ತೆಗ್ಸಾಕು ಬುಡು ಅತ್ಲಾಗೆ." ನನಗೂ ಆಸೆಯೇ. ಕಣ್ಣಿಗೆ ಕಾಡಿಗೆ ಹಚ್ಚಿ, ಗಾಜಿನ ಹಿಂದೆ ಅಡಗಿಸದೆ ಒಂದು ಫೋಟೊ ತೆಗೆಸಿಕೊಳ್ಳಬೇಕು.

ಆದರೆ ಹಬ್ಬ ಒಂದೇ ಕಾರಣವಲ್ಲ. ಈಗ ನಮ್ಮಲ್ಲಿ ಹೊಗೆಸೊಪ್ಪು ಬೇಯಿಸುವ ಕಾಲ. ಬ್ಯಾರನ್ ಎನ್ನುವ ಸೊಪ್ಪು ಬೇಯಿಸುವ ಮನೆಯೊಳಗೆ ಕಡ್ಡಿಗಳಿಗೆ ಸೊಪ್ಪು ಕಟ್ಟಿ ನೇತುಹಾಕಿರುತ್ತಾರೆ, ಹೊರಗೆ ಒಲೆ ಉರಿಯುತ್ತಿರುತ್ತದೆ, ಗೋಡೆಯ ಪುಟ್ಟ ಗಾಜಿನ ಕಿಂಡಿಯಿಂದ ಒಳಗಿನ ಥರ್ಮಾಮೀಟರ್ ನೋಡಿ ಬೆಂಕಿ ಹೆಚ್ಚು ಕಡಿಮೆ ಮಾಡಬೇಕು. ಇಂಗ್ಲಿಷ್ ಓದಿದವಳು ಎಂದು ಮಾವ ಆ ಕೆಲಸವನ್ನು ನನಗೆ ಒಪ್ಪಿಸಿದರು. ನಾನು ಹೆಮ್ಮೆಯಿಂದ ಹೋಗಿ ನೋಡಿದೆ. ಕೆಂಪು ಗೆರೆ ಒಂದಿರಬೇಕಾದಲ್ಲಿ ಎರಡು ಕಂಡಿತು, ಒಂದರ ಕೆಳಗೆ ಇನ್ನೊಂದು. ಕೆಳಗಿನದನ್ನು ಓದಿ ಹೇಳಿದೆ. ಮಾವ ಕಾವು ಸಾಲದೆಂದು ಇನ್ನಷ್ಟು ಸೌದೆ ತುರುಕಿದರು. ಬೆಳಿಗ್ಗೆ ಬಾಗಿಲು ತೆಗೆದಾಗ ನಿಂಬೆಹಣ್ಣಿನ ಬಣ್ಣಕ್ಕೆ ಬರಬೇಕಿದ್ದ ಸೊಪ್ಪೆಲ್ಲ ಕಂದಿಹೋಗಿತ್ತು. ಯಾರೂ ಬೈಯಲಿಲ್ಲ, ಅದೇ ಕಷ್ಟ. ಕನ್ನಡಕಕ್ಕೆ ಹಬೆ ಹಿಡಿದಿತ್ತು, ಪಾಪ, ಅದಕ್ಕೇ ಹೀಗಾಯಿತು ಎಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದರು. ನಾನೂ ಹೌದು ಹೌದು ಎಂದೆ.

ಹಬೆ ಹಿಡಿದಿರಲಿಲ್ಲ ಚಿಕ್ಕಮ್ಮಾ.

ಆಷಾಢಕ್ಕೆ ಹನಗೋಡಿನ ತವರಿಗೆ ಹೋಗಿದ್ದೆನಲ್ಲ, ಆಗಲೇ ಹುಣಸೂರಿನಲ್ಲಿ ಇದೇ ಫ್ರೇಮಿಗೆ ಹೊಸ ಗಾಜು ಹಾಕಿಸಿದ್ದೆ. ಮದುವೆಗೆ ಮುಂಚೆಯೂ ಒಂದು ಸಲ ಹಾಕಿಸಿದ್ದೆ. ಆದರೂ ಬೈಕಿನ ಲೈಟಿಗೆ ಬಾಲ ಬರುತ್ತದೆ, ಬೀದಿ ದೀಪದಿಂದ ಮೀಸೆ ಇಳಿಯುತ್ತದೆ. ಮಹೇಶ್‌ಗೆ ಹೇಳಿದರೆ, "ನಿಂಗೆ ಎಲ್ಲಾ ಡಬಲ್ ಆಫರ್ ಕಣೇ, ಗಂಡನೂ ಇಬ್ರು ಕಾಣ್ತಾರಾ?" ಎಂದು ತಮಾಷೆ ಮಾಡಿದರು. ಹೌದು, ಇಬ್ಬರೂ ಹ್ಯಾಂಡ್ಸಮ್ ಎಂದೆ. ಇಬ್ಬರೂ ನಕ್ಕೆವು. ಹೊಗೆಗೋ ಏನೋ ಕಣ್ಣು ಸದಾ ಕಡಿಯುತ್ತದೆ, ಉಜ್ಜದೆ ಇರಲು ಆಗುವುದಿಲ್ಲ.

ಕಳೆದ ವಾರ ಮೈಸೂರಿಗೆ ತೋರಿಸಲು ಹೋದೆವು. ಅಮ್ಮನೂ ಬಿಳಿಕೆರೆಯಲ್ಲಿ ಕಾದಿದ್ದು ಕಾರು ಹತ್ತಿದಳು. ಡಾಕ್ಟರು ಹೆಂಗಸು, ಮೆಲುದನಿ. ಲೇಸರ್ ಎಂದರೆ ಕರಿಗುಡ್ಡೆಯ ಮೇಲಿರುವ ಗಾಜಿನಂಥ ಪದರವನ್ನು ಚೂರು ಕೆತ್ತಿ ದೃಷ್ಟಿ ಸರಿಮಾಡುವುದು, ಎಲ್ಲರ ಕಣ್ಣಿಗೂ ಅದು ಹೊಂದುವುದಿಲ್ಲ ಎಂದರು. ಪದರ ಮೊದಲೇ ತೆಳ್ಳಗಿದ್ದರೆ, ಕೆತ್ತಿದ ಮೇಲೆ ಉಬ್ಬಿಕೊಂಡು ಇರುವ ದೃಷ್ಟಿಯೂ ಹೋಗಬಹುದಂತೆ. ಆಮೇಲೆ ಪ್ರಶ್ನೆಗಳು. ಒಂದು ವರ್ಷದಿಂದ ಪವರ್ ಬದಲಾಗಿದೆಯಾ? ನಾನು ಬಾಯಿ ತೆರೆಯುವುದರೊಳಗೆ ಮಹೇಶ್, "ಇಲ್ಲ ಮೇಡಂ, ಹೆಣ್ಣು ನೋಡೋಕೆ ಹೋದಾಗಿಂದ ಇದೇ ಕನ್ನಡಕ" ಎಂದುಬಿಟ್ಟರು. ಅವರು ನೋಡಿದ್ದು ಫ್ರೇಮು, ಅವರ ತಪ್ಪೇನಿದೆ? ಮನೆಯಲ್ಲಿ ಯಾರಿಗಾದರೂ ಈ ಪದರದ ಕಾಯಿಲೆ ಇದೆಯಾ? ಅದಕ್ಕೆ ಅಮ್ಮ ಉತ್ತರ ಕೊಟ್ಟಳು. "ನಮ್ ವಂಸದಲ್ಲೇ ಇಲ್ಲ ಕಣವ್ವಾ." ಹೇಳುವಾಗ ಮೇಜಿನ ಕೆಳಗೆ ನನ್ನ ಕೈಯನ್ನು ಎಷ್ಟು ಅದುಮಿ ಹಿಡಿದಿದ್ದಳೆಂದರೆ ಬಳೆ ಒತ್ತಿ ಕೆಂಪಾಗಿತ್ತು.

ಡಾಕ್ಟರು ಕಣ್ಣಿನ ನಕ್ಷೆ ತೆಗೆದರು. ಚೆನ್ನಾಗಿತ್ತು, ಹಸಿರು ಹಳದಿ ರಂಗೋಲಿಯ ಹಾಗೆ! ಬಲಗಣ್ಣಿನದರ ಕೆಳಗಡೆ ಮಾತ್ರ ಒಂದು ಕೆಂಪು ಮಚ್ಚೆ. ಅದನ್ನೇ ತುಂಬ ಹೊತ್ತು ನೋಡಿದರು. ಗುರುವಾರ ಇನ್ನೊಮ್ಮೆ ತೆಗೆಯುತ್ತೇನೆ, ಅದನ್ನು ನೋಡದೆ ಶುಕ್ರವಾರದ ಮಾತು ಬೇಡ ಎಂದರು. ಏಳುವಾಗ ನನ್ನೊಬ್ಬಳ ಕಡೆಗೇ ತಿರುಗಿ, "ಅವತ್ತು ಉತ್ತರ ನೀವು ಹೇಳಿ, ಮನೆಯವರಲ್ಲ" ಎಂದರು.

ವಾಪಸ್ ಬರುವಾಗ ಕಾಫಿಗೆ ನಿಲ್ಲಿಸಿದಲ್ಲಿ ಅಮ್ಮ ನನ್ನನ್ನು ಪಕ್ಕಕ್ಕೆ ಕರೆದಳು. "ಯಸೋದಿ ಕಣ್ಗೆ ಹೊಗೆಸೊಪ್ಪಿನ ದಂಟು ಚುಚ್ಚಿದ್ದು. ಯಾರ್ ಕೇಳುದ್ರೂ ಅಷ್ಟೇಯ. ಬಾಯ್ಬುಟ್ಟೀಯಾ ಜೋಕೆ, ಸೃತಿದು ಇನ್ನೂ ಮದ್ವೆ ಆಗ್ಬೇಕು ಕಣೆ." ತಂಗಿಗೆ ಕೆ.ಆರ್. ನಗರದ ಕಡೆಯಿಂದ ಸಂಬಂಧ ಬಂದಿದೆಯಂತೆ. ನಾನು ತಲೆಯಾಡಿಸಿದೆ. ನಿನ್ನ ಕಣ್ಣು ಕೆಟ್ಟದ್ದು ಆ ದಂಟಿನಿಂದಲೇ ಎಂದು ಚಿಕ್ಕವಳಿದ್ದಾಗಿನಿಂದ ನಾನೂ ನಂಬಿದವಳೇ. ಆದರೆ ಕಾರಿನಲ್ಲಿ ಕೂತು ಯೋಚಿಸಿದರೆ, ನನ್ನ ಒಂದನೇ ಕ್ಲಾಸಿನ ಪುಸ್ತಕವನ್ನು ನೀನು ಮೂಗಿಗೆ ತಾಗಿಸಿಕೊಂಡು, ತಲೆ ಓರೆ ಮಾಡಿ ಓದಿ ಹೇಳುತ್ತಿದ್ದದ್ದು ನೆನಪಾಯಿತು. ಆಗ ನಮ್ಮಪ್ಪ ಹೊಗೆಸೊಪ್ಪನ್ನೇ ಬೆಳೆಯುತ್ತಿರಲಿಲ್ಲ. ನೀನು ಮದುವೆಗೆ ಬರದಿದ್ದದ್ದು ಹಾಸ್ಟೆಲಿನ ಪರೀಕ್ಷೆಗಾಗಿ ಎಂದು ಅಮ್ಮ ಹೇಳಿದ್ದಳು. ಏಪ್ರಿಲ್ ಕೊನೆಯಲ್ಲಿ ಯಾವ ಪರೀಕ್ಷೆ ಚಿಕ್ಕಮ್ಮಾ? ನಿನ್ನನ್ನು ಬರಬೇಡ ಎಂದರಾ?

ಇಲ್ಲಿ ಎದುರು ಮನೆಯ ಸೋಮಮ್ಮನವರ ಸೊಸೆಗೆ ಫಿಟ್ಸ್ ಇದ್ದದ್ದನ್ನು ಮುಚ್ಚಿ ಮದುವೆ ಮಾಡಿದ್ದರಂತೆ. ಆಷಾಢಕ್ಕೆ ತವರಿಗೆ ಕಳಿಸಿದರು, ಶ್ರಾವಣದಲ್ಲಿ ಕರೆತರಲು ಯಾರೂ ಹೋಗಲಿಲ್ಲ. ಅವಳ ಚಪ್ಪಲಿ ಇನ್ನೂ ಜಗಲಿಯ ಮೇಲೆಯೇ ಇದೆ. ನಮ್ಮತ್ತೆ ಅದನ್ನು ತೋರಿಸಿ, "ಏಳಿ ಮಾಡುದ್ರೆ ಒಂದು, ಮುಚ್ಚಿ ಮಾಡುದ್ರೆ ಯಾವಳು ಸಯಿಸ್ಕತಾಳೆ?" ಎಂದರು. ನನಗೆ ಹೇಳಿದ್ದಲ್ಲ, ಸುಮ್ಮನೆ ಹೇಳಿದ್ದು. ಆಮೇಲೆ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟು, ತಿನ್ನು ಮಗಾ ಎಂದು ತಲೆ ಸವರಿದರು. ಅವರು ಕೆಟ್ಟವರಲ್ಲ ಕಣೆ. ಅದಕ್ಕೇ ಹೆದರಿಕೆ.

ಅಯ್ಯೋ, ಸಂತೋಷದ ಸುದ್ದಿ ಬರೆಯಲು ಕೂತು ಏನೇನೋ ಬರೆದೆ. ಮಾದೇಶ್ ಹಾರ್ನ್ ಹೊಡೆಯುತ್ತಿದ್ದಾನೆ. ಹಾಸ್ಟೆಲಿನ ಹುಡುಗಿಯರಿಗೆ ಈ ಅಕ್ಕನ ನೆನಪುಗಳನ್ನು ತಿಳಿಸು. ಇವರದೂ ನಿನಗೆ ನಮಸ್ಕಾರ. ಒಂದು ದಿನ ಇಬ್ಬರೂ ಬಂದು ನಿನ್ನ ಕಾಲು ಮುಟ್ಟುತ್ತೇವೆ.

ನಿನ್ನ ಮುದ್ದಿನ
ಪವಿತ್ರ

ವಿ.ಸೂ.: ತಪ್ಪು ತಿದ್ದೋಣವೆಂದು ಈಗ ಈ ಕಾಗದವನ್ನು ಎಡಗಣ್ಣು ಮುಚ್ಚಿಕೊಂಡು ಓದಿ ನೋಡಿದೆ. ಕನ್ನಡಕ ಹಾಕಿಯೇ ಇದ್ದೆ. ನಾನೇ ಬರೆದದ್ದು, ಒಂದು ಸಾಲೂ ಓದಲಾಗಲಿಲ್ಲ. ನಿನಗೂ ಬಲಗಣ್ಣೇ ಮೊದಲು ಮಂಜಾದದ್ದು ಅಲ್ಲವಾ? ಗುರುವಾರ ಡಾಕ್ಟರಿಗೆ ನಿನ್ನ ಹೆಸರು ಹೇಳುತ್ತೇನೆ ಚಿಕ್ಕಮ್ಮಾ, ಗಾಜು ಬದಲಾಯಿಸಿದ್ದನ್ನೂ ಹೇಳುತ್ತೇನೆ, ಇವರು ಪಕ್ಕದಲ್ಲಿ ಕೂತಿದ್ದರೂ. ಶೃತಿಯ ಕಣ್ಣನ್ನೂ ತೋರಿಸಿ ಎನ್ನುತ್ತೇನೆ, ಅಮ್ಮ ಏನಾದರೂ ಅಂದುಕೊಳ್ಳಲಿ. ಮಹೇಶ್ ನನ್ನನ್ನು ಬಿಡುವುದಿಲ್ಲ, ನನಗೆ ಗೊತ್ತು. ಆದರೂ ಕೇಳಿಟ್ಟಿರುತ್ತೇನೆ, ನಿನ್ನ ಹಾಸ್ಟೆಲಿನಲ್ಲಿ ಇನ್ನೊಬ್ಬಳಿಗೆ ಜಾಗ ಇದೆಯಾ?